ಮಾಳಿಗೆಯ ಮೇಲೆ ಬೆಳೆದ ಜೋಳ

ಬೆಳಿಗ್ಗೆಯಿಂದ ನಮ್ಮ ತಾರಸಿಯ ಮೇಲೆ ಧಡ್ ಧಡ್ ಸದ್ದು. ವಾರವೆಲ್ಲ ಬ್ಯಾಂಕಿನ ಕುರ್ಚಿ ಬಿಟ್ಟು ಏಳದ ನನ್ನ ಮಗ, ಭಾನುವಾರ ಬಂತೆಂದರೆ ಲುಂಗಿ ಎತ್ತಿ ಕಟ್ಟಿ ಕರಣಿ ಹಿಡಿಯುತ್ತಾನೆ. ಈ ಸಲ ನನ್ನ ಕೋಣೆಯ ಮೇಲಿನ ಬಿರುಕು ಮುಚ್ಚುವ ಹಟ. ಮಳೆ ಬಂದರೆ ಸರಿಯಾಗಿ ನನ್ನ ಮಂಚದ ಕಾಲಿನ ಹತ್ತಿರ ಹನಿ ಬೀಳುತ್ತದೆ. "ಗಾರಿ ಕೆಲಸಕ್ಕ ಗೌಂಡಿನ್ನ ಕರಿಯೋ" ಎಂದು ನಾನು ಗಂಟಲು ಹರಿದುಕೊಂಡದ್ದೇ ಬಂತು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದವನು ನನ್ನ ಮಡಿಲಿಗೆ ಏನನ್ನೋ ಹಾಕಿದ.

"ನೋಡವ್ವಾ, ಬಿರುಕಿನ್ಯಾಗ ಹುಟ್ಟಿತ್ತು."

ಗೇಣುದ್ದದ ಒಂದು ಜೋಳದ ಸಸಿ. ಯಾವ ಗುಬ್ಬಿ ಬಿತ್ತಿತ್ತೋ! ಬೇರಿಗೆ ಸಿಮೆಂಟಿನ ಪುಡಿ ಮೆತ್ತಿಕೊಂಡಿತ್ತು. ನಾನು ಅದನ್ನು ನೋಡಿದವಳೇ ನಗತೊಡಗಿದೆ. ನಗು ನಿಲ್ಲಲೇ ಇಲ್ಲ. ಮಗ ನನ್ನನ್ನು ವಿಚಿತ್ರವಾಗಿ ನೋಡಿ ಮತ್ತೆ ಮೇಲೆ ಹತ್ತಿದ. ಅವನಿಗೇನು ಗೊತ್ತು, ನಮ್ಮ ವಂಶದಲ್ಲಿ ಮನೆಯ ಮೇಲೆ ಜೋಳ ಬೆಳೆದದ್ದು ಇದೇ ಮೊದಲಲ್ಲ ಎಂದು. ನಿಮಗಾದರೂ ಹೇಳುತ್ತೇನೆ, ಕುಳಿತುಕೊಳ್ಳಿ.

ನಾನು ಕಂಪ್ಲಿಯಿಂದ ಸೊಸೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದ ಕಾಲ. ಇನ್ನೂ ಮದ್ರಾಸು ಸರ್ಕಾರದ ಆಳ್ವಿಕೆ. ಸೀಮೆಎಣ್ಣೆ ದೀಪದ ಬೆಳಕು. ನಮ್ಮ ಮಾವ ಕೊಟ್ರಪ್ಪನವರು ಅಕ್ಕಿ ವ್ಯಾಪಾರಿ. ಅಂಗಡಿಯಲ್ಲಿ ಕುಳಿತರೆ ಒಳ್ಳೆಯ ವ್ಯಾಪಾರಸ್ಥರೇ. ಆದರೆ ಅವರ ಮನಸ್ಸೆಲ್ಲ ಮನೆಯ ಮೂಲೆಯಲ್ಲಿದ್ದ ಒಂದು ಗೋಣಿಚೀಲದಲ್ಲಿ. ಅದರೊಳಗೆ ಬಾಚಿ, ಕರಣಿ, ಸುತ್ತಿಗೆ, ಸೊಟ್ಟ ಮೊಳೆಗಳು. ಅವರ ಅಜ್ಜ ಕಟ್ಟಿಸಿದ ಮನೆಗೆ ಪರರ ಕೈ ತಾಗಬಾರದು ಎಂಬುದು ಅವರ ವ್ರತ. ಬಾಗಿಲು ಹೊಸ್ತಿಲಿಗೆ ತಾಗುತ್ತದೆ ಎಂದು ಕೆಳಗೆ ಕೆತ್ತಿದರು, ಬಾಗಿಲು ವಾಲಿತು. ವಾಲಿತೆಂದು ಮೇಲೆ ಕೆತ್ತಿದರು. ಕೊನೆಗೆ ಅಗುಳಿ ಹಾಕಿದ ಬಾಗಿಲಿನ ಕೆಳಗೆ ಓಣಿಯ ಬೆಕ್ಕುಗಳು ಸಂಸಾರ ಸಮೇತ ಬಂದು ಹೋಗತೊಡಗಿದವು. ಮಾವ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, "ಹೆಂಗಾತು?" ಎಂದು ಕೇಳುವರು.

ಉತ್ತರ ಕೊಡುವ ಹಕ್ಕು ಅತ್ತೆ ನೀಲಮ್ಮನವರದು. ಅವರು ಗಂಡನಿಗೆ ನೇರವಾಗಿ ಹೇಳದೆ ಕಂಬಕ್ಕೋ ಒಲೆಗೋ ಹೇಳುವರು. "ಹಂಪಿ ಗುಡಿ ಇಷ್ಟು ವರ್ಷಾದ್ರೂ ನಿಂತಾವಂದ್ರ ಸುಮ್ನ ಅಲ್ಲ. ಇವರ ಕೈ ತಾಗಿಲ್ಲ, ಅದಕ್ಕ ನಿಂತಾವ."

ನಮ್ಮ ಸೀಮೆಯ ಹಳೆಯ ಮನೆ ನೀವು ನೋಡಿಲ್ಲದಿದ್ದರೆ ಒಂದು ಮಾತು ಹೇಳಬೇಕು. ಮೇಲೆ ಹೆಂಚಿಲ್ಲ, ಹುಲ್ಲಿಲ್ಲ. ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ಜಂತಿ, ಅದರ ಮೇಲೆ ತಪ್ಪಲು, ಅಂದರೆ ಗಿಡದ ಸೊಪ್ಪು, ಹಾಸಿ ಮೊಣಕಾಲುದ್ದ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಆ ಮಣ್ಣಿನ ಮೇಲ್ಪದರ ಸವಳು ಮಣ್ಣೇ ಆಗಬೇಕು. ಕಾಲುವೆಯ ಕೆಳಗೆ ಕೆಟ್ಟು ಬೆಳ್ಳಗಾದ ನೆಲದಿಂದ ಅದನ್ನು ತರುವುದು. ಉಪ್ಪುಪ್ಪಾದ ಆ ಮಣ್ಣಿನಲ್ಲಿ ಒಂದು ಗರಿಕೆಯೂ ಹುಟ್ಟುವುದಿಲ್ಲ. ನೀರು ತಾಗಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಹೊಲಕ್ಕೆ ಬೇಡವಾದದ್ದು ಮನೆಗೆ ಬೇಕು. ಮುಂಗಾರಿಗೆ ಮುಂಚೆ ಎಲ್ಲರೂ ಬಂಡಿಯಲ್ಲಿ ಸವಳು ತರಿಸುವರು. ನಿಜವಾದ ಸವಳೋ ಅಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ. ಚಿಟಿಕೆ ಮಣ್ಣು ನಾಲಿಗೆಯ ತುದಿಗೆ ಇಟ್ಟು ನೋಡುವುದು.

ನಮ್ಮ ಮಾಳಿಗೆಯ ಮುಂದಿನ ಅರ್ಧ, ಅಂದರೆ ಅತ್ತೆ ಮಾವ ಮಲಗುತ್ತಿದ್ದ ಪಡಸಾಲೆಯ ಮೇಲಿನದು, ಭದ್ರವಾಗಿತ್ತು. ಹಿಂದಿನ ಅರ್ಧ, ಅಡುಗೆಮನೆ ಮತ್ತು ಅದರ ಪಕ್ಕದ ಬಾಣಂತಿ ಕೋಣೆ, ಜರಡಿ. ಸೋರಿದಾಗ ಅತ್ತೆ ಅದರ ಕೆಳಗೆ ಮಡಕೆ ಇಡುತ್ತಿರಲಿಲ್ಲ. ಬೇಕೆಂದೇ ಹಿತ್ತಾಳೆಯ ತಟ್ಟೆ ಇಡುತ್ತಿದ್ದರು. ಠಣ್, ಠಣ್ ಎಂದು ಓಣಿಯ ತುದಿಗೆ ಕೇಳಬೇಕು. "ಕೇಳ್ಲಿ ಅಂತಾನ ಇಟ್ಟೀನಿ" ಎನ್ನುವರು.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಆದರೆ ಆ ವರ್ಷ ನನ್ನ ನಾದಿನಿ ಗಂಗಮ್ಮ ಚೊಚ್ಚಲ ಬಸುರಿ. ಅವಳನ್ನು ಕೊಟ್ಟದ್ದು ಸಂಡೂರಿಗೆ. ಸಂಡೂರು ಆಗ ಅರಸರ ಸಂಸ್ಥಾನ. ಅಲ್ಲಿಯ ಬೀಗತಿ ಹಾಲಮ್ಮನವರು ತಾವೇ ಅರಮನೆಯಿಂದ ಇಳಿದು ಬಂದವರ ಹಾಗೆ ಮಾತಾಡುವರು. ಕುಬುಸದ ದಿನ, ನೀವು ಸೀಮಂತ ಅನ್ನುತ್ತೀರಲ್ಲ, ಅಂದು ಎಲ್ಲರೆದುರಿಗೆ ಹೇಳಿಬಿಟ್ಟರು. "ಹುಡುಗಿನ್ನ ಕಳಿಸಾಕ ನಂದೇನೂ ತಕರಾರಿಲ್ರಿ. ಆದ್ರ ನಿಮ್ಮ ಮನಿ ಸೋರ್ತೈತಂತ ಕೇಳೀನಿ. ಮಳಿಗಾಲದ ಕೂಸು. ನಾನಾ ಕರಕೊಂಡು ಬರ್ತೀನಿ. ಒಂದು ಮಳಿ ಆಗಾತನ ನಿಮ್ಮಲ್ಲೇ ಇರ್ತೀನಿ. ಬಾಣಂತಿ ಕೋಣಿ ಸೋರಿದ್ರ ಅದಾ ಬಂಡ್ಯಾಗ ವಾಪಸ್."

ಚೊಚ್ಚಲ ಹೆರಿಗೆ ತವರಲ್ಲಿ ಆಗಲಿಲ್ಲ ಎಂದರೆ ತಾಯಿಯಾದವಳು ಓಣಿಯಲ್ಲಿ ತಲೆಯೆತ್ತುವುದು ಹೇಗೆ? ಮರ್ಯಾದೆಯ ಮಾತು ಅತ್ತ ಇರಲಿ. ಇದ್ದೊಬ್ಬ ಮಗಳಿಗೆ ನೀರು ಹಾಕುವ, ಕೂಸಿಗೆ ಎಣ್ಣೆ ತಿಕ್ಕುವ ಆಸೆ ಅತ್ತೆಗೆ ಎಷ್ಟಿತ್ತೆಂದರೆ, ಅಂದು ಸಂಡೂರಿನಿಂದ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಕಂಬವನ್ನು ಬಿಟ್ಟು ಗಂಡನಿಗೇ ಹೇಳಿದರು. "ಏನ್ರಿ, ಈ ಸಲ ಬಲ್ಲೋರನ್ನ ಕರಸ್ರಿ. ಕೈ ಮುಗೀತೀನಿ."

ಮಾವನ ಮುಖ ಸಣ್ಣದಾಯಿತು. "ನನ್ನ ಮಗಳ ಕೋಣಿಗೆ ಮಂದಿ ಯಾಕ? ನಾನು ಸತ್ತೀನೇನು?" ಎಂದರು.

ಮಾವ ಹಿಂದಿನ ಅರ್ಧದ ಹಳೆಯ ಮಣ್ಣನ್ನೆಲ್ಲ ಕೆರೆದು ಹಿತ್ತಲಿಗೆ ಎಸೆದರು. ಹೊಸ ಸವಳು ಹುಡುಕಿಕೊಂಡು ಬಂಡಿ ಹೂಡಿ ಕಡ್ಡಿರಾಂಪುರದ ಕಡೆ ಹೊರಟರು. ಅಲ್ಲಿ ಪರಿಚಯದವರ ಹೊಲದ ಅಂಚಿನಲ್ಲಿ ನುಣ್ಣಗೆ, ಬೆಳ್ಳಗೆ, ಹಿಟ್ಟಿನ ಹಾಗಿದ್ದ ಮಣ್ಣು ಕಂಡಿತು. ಅದು ಹಳೆಯ ಕಣದ ಜಾಗ. ವರ್ಷಗಟ್ಟಲೆ ಜೋಳ ಒಕ್ಕಿ ಒಕ್ಕಿ, ಹೊಟ್ಟು ಬೆರೆತು, ನೆಲ ಬೆಳ್ಳಗಾಗಿತ್ತು. ನಾಲಿಗೆಗಿಟ್ಟು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಮಾವನೂ ಇಟ್ಟು ನೋಡಿದರು. ಆದರೆ ಆ ಬೆಳಿಗ್ಗೆ ಎಲೆಗೆ ಸುಣ್ಣ ಹೆಚ್ಚಾಗಿ ಅವರ ನಾಲಿಗೆ ಬೆಂದುಹೋಗಿತ್ತು. ಬೆಂದ ನಾಲಿಗೆಗೆ ಉಪ್ಪೂ ಚುರುಕು, ಸಕ್ಕರೆಯೂ ಚುರುಕು. ಜೊತೆಗಿದ್ದ ನಮ್ಮನೆಯವರು "ನಾನೂ ಒಂಚೂರು ನೋಡ್ಲೇನಪ್ಪಾ?" ಎಂದು ಕೇಳಿದ್ದಕ್ಕೆ "ನಿನ್ಗಿಂತ ಹೆಚ್ಚು ಮಣ್ಣು ತಿಂದೀನಿ ನಾನು, ತುಂಬಲೇ ಜಲ್ದಿ" ಎಂದರಂತೆ.

ಬಂಡಿಗಟ್ಟಲೆ ಮಣ್ಣು ಬಂತು. ಏಣಿಯ ಮೇಲೆ ಮಾವ, ನಡುವೆ ನಮ್ಮನೆಯವರು, ಕೆಳಗೆ ನಾನು. ಕೈಯಿಂದ ಕೈಗೆ ಬುಟ್ಟಿ. ಹೊಸ ಸೊಸೆಯ ಬಳೆಗಳೆಲ್ಲ ಆ ವಾರದಲ್ಲಿ ಚೂರಾದವು. ಮಾವ ಮಣ್ಣು ಹರಡಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು, ನಮ್ಮ ಕಣ್ಣಿಗೂ ಚೆಂದ ಕಾಣುವ ಹಾಗೆ ಮಾಡಿದರು. "ಹೆಂಗಾತು?" ಎಂದರು. ಅತ್ತೆಯೂ ಆ ಸಲ ಕಂಬಕ್ಕೆ ಏನೂ ಹೇಳಲಿಲ್ಲ.

ಒಂದು ತುಂತುರು ಮಳೆ ಆಯಿತು. ಸೋರಲಿಲ್ಲ. ನಾವೆಲ್ಲ ಹಿಗ್ಗಿದೆವು. ಆಮೇಲೆ ಬಿಸಿಲು. ವಾರ ಕಳೆಯುವಷ್ಟರಲ್ಲಿ ಓಣಿಯವರು ನಮ್ಮ ಮನೆಯ ಮುಂದೆ ನಿಂತು ಮೇಲೆ ನೋಡಿ ನಗತೊಡಗಿದರು. ಮಾಳಿಗೆಯ ಹಿಂದಿನ ಅರ್ಧ ಹಚ್ಚಹಸಿರು! ಜೋಳ, ನಡುನಡುವೆ ರಾಜಗಿರಿ ಸೊಪ್ಪು, ಎಲ್ಲಾ ಸೊಂಪಾಗಿ. ಹೊಲದಲ್ಲಿ ಅಂಥ ಮೊಳಕೆ ಬಂದಿದ್ದರೆ ಯಾವ ರೈತನಾದರೂ ಮೀಸೆ ತಿರುವುತ್ತಿದ್ದ.

ಸರಿಯಾಗಿ ಅದೇ ದಿನ ಸಂಡೂರಿನ ಬಂಡಿ ಬರಬೇಕೆ? ಹಾಲಮ್ಮನವರು ಗಂಗಮ್ಮನ ಕೈ ಹಿಡಿದು ಇಳಿಸಿ, ಸೆರಗು ಸರಿಮಾಡಿಕೊಂಡು, ಕತ್ತೆತ್ತಿ ನೋಡಿದರು. "ಬೀಗರ, ಬಿತ್ತಗಿ ಭಾಳ ಚಲೋ ಆಗೇತಲ್ರಿ! ಕಳಿ ತಗಿಯಾಕ ಎಡಿ ಯಾವಾಗ ಹೊಡೀತೀರಿ?"

ಮಾವ ನೆಲ ನೋಡಿದರು. ಗಂಗಮ್ಮ ಅಪ್ಪನ ಮುಖ ನೋಡಿ ಕಣ್ಣು ತುಂಬಿಕೊಂಡಳು. "ನಾ ಇಲ್ಲೇ ಇರ್ತೀನಿ ಅಪ್ಪಾ. ಸೋರಿದ್ರ ಸೋರ್ಲಿ" ಎಂದಳು. "ಸೋರಿದ್ರ ಬಂಡಿ ಐತಿ" ಎಂದರು ಹಾಲಮ್ಮನವರು. ಬಂಡಿಯನ್ನು ನಮ್ಮ ಹಿತ್ತಲಲ್ಲೇ ನಿಲ್ಲಿಸಿಕೊಂಡರು.

ಮರುದಿನದಿಂದ ಮಾವ ಅಂಗಡಿಯನ್ನು ಮಗನಿಗೆ ಬಿಟ್ಟು ಮಾಳಿಗೆ ಹತ್ತಿದರು. ಸಸಿಗಳನ್ನು ಬೇರು ಸಮೇತ ಕಿತ್ತು ಕೆಳಗೆ ಎಸೆಯುವರು. ಆಕಳಿಗಾದರೂ ಹಾಕೋಣವೆಂದರೆ ಎಳೆಯ ಜೋಳ ದನಕ್ಕೆ ವಿಷ, ಅದೂ ದಂಡ. ಕಾಲುವೆಗೆ ನೀರು ಬಿಟ್ಟು ಅದರ ಕೆಳಗೆ ಆಗಲೇ ಕೆಸರು, ಹೊಸ ಸವಳು ತರುವ ಮಾತೇ ಇಲ್ಲ. ಸಹಾಯಕ್ಕೆ ಬರುತ್ತೇನೆಂದು ನಾನು ಏಣಿಗೆ ಕಾಲಿಟ್ಟರೆ, "ಯಾರೂ ಮ್ಯಾಲ ಬರಬ್ಯಾಡ್ರಿ, ತುಳದ್ರ ಮಣ್ಣು ಸಡ್ಲಾಗ್ತೈತಿ" ಎಂದು ಗದರುವರು. ಉರಿಬಿಸಿಲಿನಲ್ಲಿ ಕೊಡತಿಯ ಸದ್ದು, ಬುಟ್ಟಿ ಎಳೆಯುವ ಸದ್ದು. ಊಟಕ್ಕೆ ಇಳಿದರೆ ಕೈಯಲ್ಲಿ ಬೊಬ್ಬೆ. ರೊಟ್ಟಿ ಮುರಿಯಲು ಆಗದೆ ಹಾಲಿನಲ್ಲಿ ನೆನೆಸಿ ತಿನ್ನುವರು. ಏನು ಮಾಡುತ್ತಿದ್ದಾರೆಂದು ನಮಗಾರಿಗೂ ತಿಳಿಯಲಿಲ್ಲ. ಅತ್ತೆ ಕೇಳಲೂ ಇಲ್ಲ. ಮಗಳ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆಯದೆ ಹಾಗೇ ಇಟ್ಟಿದ್ದರು, ಹೇಗೂ ವಾಪಸು ಹೋಗುವುದೇ ಎಂದು.

ಮಳೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಸಂಡೂರು ಗುಡ್ಡದ ಕಡೆಯಿಂದ ಎದ್ದ ಮೋಡ ಒಂದೇ ಸಲ ಕಳಚಿ ಬಿದ್ದಂತೆ. ಹಾಲಮ್ಮನವರು ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದರು. ಮೊದಲ ಹನಿ ಅವರ ಎಣಗಾಯಿ ಪಲ್ಲೆಯೊಳಗೆ ಬಿತ್ತು. ಎರಡನೆಯದು ನೆತ್ತಿಯ ಮೇಲೆ. ನೋಡನೋಡುತ್ತ ಪಡಸಾಲೆಯ ತುಂಬ ಧಾರೆ! ಮಾವನ ಹಾಸಿಗೆ ಸುರುಳಿ ನೆನೆಯಿತು. ಅತ್ತೆಯ ಪೆಟ್ಟಿಗೆ ನೆನೆಯಿತು. ನಾವು ತಟ್ಟೆ, ತಂಬಿಗೆ, ಕೊಡ, ಎಣ್ಣೆ ಡಬ್ಬಿ ಸಿಕ್ಕಿದ್ದೆಲ್ಲ ಇಟ್ಟೆವು. ಮನೆಯೆಲ್ಲ ಠಣ್ ಠಣ್.

"ಮುಗೀತು" ಎಂದು ಅತ್ತೆ ಬಾಣಂತಿ ಕೋಣೆಗೆ ಓಡಿದರು. ನಾವೂ ಹಿಂದೆ ಓಡಿದೆವು. ಗಂಗಮ್ಮ ಹೊರಸಿನ ಮೇಲೆ ಹಾಯಾಗಿ ನಿದ್ದೆ ಹೋಗಿದ್ದಳು. ನೆಲ ಒಣಗಿತ್ತು. ಗೋಡೆ ಒಣಗಿತ್ತು. ಹಾಲಮ್ಮನವರು ಮೂಲೆ ಮೂಲೆಗೆ ಅಂಗೈಯೂರಿ ನೋಡಿದರು, ಮೇಲೆ ಜಂತಿ ನೋಡಿದರು. ಒಂದು ಹನಿಯಿಲ್ಲ.

ಅತ್ತೆ ಬಾಗಿಲಲ್ಲೇ ನಿಂತರು. "ಪಡಸಾಲಿ ನಾನು ಬಂದಾಗಿಂದ ಒಮ್ಮೆನೂ ಸೋರಿಲ್ಲ" ಎಂದು ಮೆಲ್ಲಗೆ ಅಂದರು. ಮಳೆ ನಿಂತದ್ದೇ ತಡ, ಕಚ್ಚೆ ಬಿಗಿದು ಏಣಿ ಹತ್ತಿದರು. ಬೀಗತಿಯೂ ಹತ್ತಿದರು. ನಾನೂ ಹೋದೆ. ಪಡಸಾಲೆಯ ಮೇಲೆ ಮಣ್ಣೇ ಇರಲಿಲ್ಲ. ತಪ್ಪಲು ಕಾಣುವ ಹಾಗೆ ಕೆರೆದಿತ್ತು. ತಮ್ಮ ತಲೆಯ ಮೇಲಿದ್ದ ಹಳೆಯ ಸವಳನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಎಳೆದು ಮಾವ ಮಗಳ ಕೋಣೆಯ ಮೇಲೆ ಹೊದಿಸಿದ್ದರು.

ಹಾಲಮ್ಮನವರು ಬಹಳ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಕೆಳಗಿಳಿದು ಬಂದವರೇ ಬಂಡಿಯವನನ್ನು ಕರೆದರು. "ನನ್ನ ಗಂಟಷ್ಟಾ ಬಂಡ್ಯಾಗ ಇಡಪ್ಪ" ಎಂದರು. ಆಮೇಲೆ ಮಾವನ ಕಡೆ ತಿರುಗಿ, "ಬೀಗರ, ಕೂಸು ಹುಟ್ಟಿದ ಮ್ಯಾಲ ಹೇಳಿ ಕಳಸ್ರಿ. ಮನಿ ಸೋರ್ತೈತಿ ಖರೆ, ಸೋರಬಾರದ ಜಾಗದಾಗ ಸೋರಿಲ್ಲ" ಎಂದು ಸೆರಗಿನಿಂದ ತಲೆ ಒರೆಸಿಕೊಂಡರು.

ಬಂಡಿ ಹೋಯಿತು. ಮಾವ ಒದ್ದೆ ಪಡಸಾಲೆಯ ನಡುವೆ ನಿಂತು, ಅಭ್ಯಾಸಬಲದಿಂದ, ಆದರೆ ದನಿಯೇ ಇಲ್ಲದೆ, "ಹೆಂಗಾತು?" ಎಂದರು. ಅತ್ತೆ ಕಂಬದ ಕಡೆ ನೋಡಲಿಲ್ಲ. ಅವರ ಬೊಬ್ಬೆಯ ಕೈ ಹಿಡಿದು ನೋಡಿ, "ಚಲೋ ಆತು" ಎಂದರು. ಅಳುತ್ತಲೇ ಮಗಳ ಪೆಟ್ಟಿಗೆ ತೆರೆದು ಸೀರೆಗಳನ್ನು ತೆಗೆದು ಗೂಟಕ್ಕೆ ಹಾಕಿದರು.

ಆ ಮಳೆಗಾಲವೆಲ್ಲ ಪಡಸಾಲೆ ಸೋರಿತು. ಬಾಣಂತಿ ಕೋಣೆಯಲ್ಲಿ ಗಂಗಮ್ಮನ ಮಗಳು ಒಣ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದಳು. ಅತ್ತೆ ಮೊದಲಿನ ಹಾಗೆ ಹಿತ್ತಾಳೆ ತಟ್ಟೆ ಇಡಲಿಲ್ಲ. ಎಣ್ಣೆ ಡಬ್ಬಿ ಇಟ್ಟು, ಅದರ ತಳಕ್ಕೆ ಹಳೆಯ ಬಟ್ಟೆ ಹಾಸುತ್ತಿದ್ದರು. ಯಾಕೆಂದು ನಾನು ಕೇಳಿದ್ದಕ್ಕೆ, "ಸದ್ದಾದ್ರ ಅವರಿಗೆ ನೋವಾಗ್ತೈತಿ" ಎಂದಷ್ಟೇ ಹೇಳಿದರು. ಮರುವರ್ಷದಿಂದ ಮಣ್ಣಿನ ರುಚಿ ನೋಡುವ ಕೆಲಸವನ್ನು ಮಾತ್ರ ತಾವೇ ವಹಿಸಿಕೊಂಡರು. ಮಾವ ಸುಮ್ಮನೆ ಬುಟ್ಟಿ ಹಿಡಿದು ನಿಲ್ಲುವರು. ಅವರ ಬಾಚಿ ಕರಣಿಗಳ ವ್ರತವೇನೂ ನಿಲ್ಲಲಿಲ್ಲ. ಬೆಕ್ಕುಗಳೂ ಬರುತ್ತಲೇ ಇದ್ದವು.

ಹೊತ್ತು ಏರಿತು. ಮಡಿಲಲ್ಲಿದ್ದ ಜೋಳದ ಸಸಿ ಬಾಡಿತ್ತು. ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಹೋದೆ, ನೀರಿನ ಬಕೆಟ್ಟು ಹಿಡಿದುಕೊಂಡು ಮಗನ ಪಕ್ಕದಲ್ಲಿ ನಿಂತೆ. ಗೌಂಡಿಯ ಮಾತು ಎತ್ತಲಿಲ್ಲ. ಅವನು ಮೆತ್ತಿದ ಸಿಮೆಂಟು ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಬಿರುಕಿನ ತುದಿ ಆಗಲೇ ಇಣುಕಿ ನೋಡುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅವನ ಅಜ್ಜನ ಹಾಗೆ, "ಹೆಂಗಾತವ್ವಾ?" ಎಂದ.

"ಮಸ್ತ್ ಆತಪ" ಎಂದೆ.

ಸಂಡೂರು ಗುಡ್ಡದ ಕಡೆ ಮೋಡ ಕಟ್ಟುತ್ತಿತ್ತು. ಅವನು ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು, ಅಡುಗೆಮನೆಯಿಂದ ಒಂದು ಹಳೆಯ ಡಬ್ಬಿ ತಂದು, ಅವನಿಗೆ ಕಾಣದ ಹಾಗೆ ಮಂಚದ ಕಾಲಿನ ಮರೆಗೆ ಸರಿಸಿಟ್ಟೆ. ಆಮೇಲೆ ನೆನಪಾಗಿ, ನನ್ನ ಹಳೆಯ ಸೀರೆಯ ಒಂದು ತುಂಡು ಹರಿದು ಅದರ ತಳಕ್ಕೆ ಹಾಸಿದೆ.