ಸೌಟಿನ ಎರಡು ಪೆಟ್ಟು

ಬಸ್ ಡಿಪೋದ ಕ್ಯಾಂಟೀನಿನಲ್ಲಿ ದೊಡ್ಡಕ್ಕನಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತವಳು. ಊಟ ಬಿಟ್ಟು ಏಳುವ ಡ್ರೈವರನ ಭುಜ ಹಿಡಿದು ಮತ್ತೆ ಕೂರಿಸಿದವಳು. ಮ್ಯಾನೇಜರನನ್ನೂ ಸಾಲಿನಲ್ಲಿ ನಿಲ್ಲಿಸಿಯೇ ಬಡಿಸಿದವಳು. ಬೈಗುಳ ಧಾರಾಳ, ಬಡಿಸುವ ಕೈ ಅದಕ್ಕಿಂತ ಧಾರಾಳ. ಹಾಗಾಗಿ ಅವಳ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಚಳಿ ಜೋರಾದ ದಿನ, ಸ್ಟಿಯರಿಂಗ್ ಹಿಡಿದರೆ ಬೆರಳು ಸೆಟೆದುಕೊಳ್ಳುವಂಥ ದಿನ, ಅವಳು ಬಾರ್ಲಿ ಮತ್ತು ತರಕಾರಿ ಹಾಕಿದ ಗಂಜಿಯ ದೊಡ್ಡ ಪಾತ್ರೆ ಏರಿಸುತ್ತಿದ್ದಳು. ಅದಕ್ಕೆ ಡಿಪೋದವರು ಇಟ್ಟ ಹೆಸರು ‘ಚಳಿ ಪಾತ್ರೆ’. ಬಾರ್ಲಿಯನ್ನು ಘಮ್ಮೆನ್ನುವಂತೆ ಹುರಿದು ಎರಡು ಪಾಲು ಮಾಡುವಳು. ಮೊದಲ ಪಾಲು ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಎಲೆಕೋಸಿನ ಜೊತೆ ಕುದಿದು ಕರಗಿ ಗಂಜಿಯನ್ನು ಮಂದ ಮಾಡಬೇಕು. ಎರಡನೆಯ ಪಾಲನ್ನು ಕೊನೆಗೆ ಹಾಕಬೇಕು. ಆಗ ಅದು ಬೆಂದರೂ ಕಾಳು ಕಾಳಾಗಿ ಬಾಯಿಗೆ ಸಿಗುತ್ತದೆ. ಅದನ್ನು ಹಾಕುವ ಹೊತ್ತು ಗಡಿಯಾರಕ್ಕೆ ತಿಳಿಯುವಂಥದ್ದಲ್ಲ. ಸೌಟನ್ನು ತಳದಿಂದ ಒಮ್ಮೆ ಎಳೆದರೆ ದೊಡ್ಡಕ್ಕನ ಮಣಿಕಟ್ಟಿಗೆ ತಿಳಿಯುತ್ತಿತ್ತು.

ಮೂರು ವರ್ಷದ ಹಿಂದೆ ಅವಳ ತಮ್ಮ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಾಗ, ದೊಡ್ಡಕ್ಕ ಮ್ಯಾನೇಜರನ ಬೆನ್ನು ಹತ್ತಿ ತಮ್ಮನ ಹೆಂಡತಿಯನ್ನು ಕ್ಯಾಂಟೀನಿಗೆ ಸೇರಿಸಿಕೊಂಡಳು. ನಾದಿನಿ ಚುರುಕು, ಮಾತು ಕಡಿಮೆ. ಚಾಕು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ದೊಡ್ಡಕ್ಕ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಲಿಸಿದಳು. ಸ್ವಂತ ತಂಗಿಗೂ ಯಾರೂ ಅಷ್ಟು ಮಾಡುವುದಿಲ್ಲ ಎಂದು ನಾನು ಬೇಕಾದರೆ ಆಣೆ ಇಟ್ಟು ಹೇಳುತ್ತೇನೆ.

ಕಳೆದ ವರ್ಷ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ದೊಡ್ಡಕ್ಕನ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಉಪ್ಪೂ ಒಂದೇ, ಸಕ್ಕರೆಯೂ ಒಂದೇ, ಬಾಯಿಗೆ ಹಾಕಿಕೊಂಡದ್ದೆಲ್ಲ ಒದ್ದೆ ಕಾಗದ. ಅಡುಗೆಯವಳು ಇದನ್ನು ಯಾರ ಮುಂದೆ ಹೇಳಿಕೊಂಡಾಳು? ಹೇಳಿದರೆ ಒಲೆ ಬಿಡಬೇಕು. ಉಪ್ಪನ್ನು ಬಟ್ಟಲಲ್ಲಿ ಅಳೆದು ಹಾಕಿ ನೋಡಿದಳು. ಒಂದು ದಿನ ಇನ್ನೂರು ಜನ, ಒಂದು ದಿನ ಮುನ್ನೂರು, ಕುದಿದು ಇಳಿದ ಮೇಲೆ ಎಷ್ಟು ಉಳಿಯುತ್ತದೋ, ಅಳತೆ ಕೂಡಿಬರಲಿಲ್ಲ. ಕೊನೆಗೆ ನಾದಿನಿಗೆ ಮಾತ್ರ ಗುಟ್ಟು ಹೇಳಿದಳು.

“ಅಷ್ಟಕ್ಕೆ ಯಾಕೆ ಅಳ್ತೀರಿ ಅತ್ತಿಗೆ, ನಾನಿಲ್ವಾ?” ಎಂದಳು ನಾದಿನಿ. ಉಪಾಯವೂ ಅವಳದ್ದೇ. ಅವಳು ರುಚಿ ನೋಡಿ ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿದರೆ ಉಪ್ಪು ಬೇಕು, ಎರಡು ಸಲ ತಟ್ಟಿದರೆ ಸಾಕು. ಅಡುಗೆಮನೆಯಲ್ಲಿ ಸೌಟಿನ ಸದ್ದನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ? ಹತ್ತು ತಿಂಗಳು ಹೀಗೇ ನಡೆಯಿತು. ಡ್ರೈವರುಗಳು ಬೆರಳು ಚೀಪುತ್ತಲೇ ಇದ್ದರು, ದೊಡ್ಡಕ್ಕನನ್ನು ಹೊಗಳುತ್ತಲೇ ಇದ್ದರು.

ಈ ಚಳಿಗಾಲದಲ್ಲಿ ಪಕ್ಕದ ಎರಡು ಡಿಪೋಗಳಿಗೂ ಸೇರಿ ಒಂದೇ ಹೊಸ ಕ್ಯಾಂಟೀನು ಎಂದಾಯಿತು. ಅದಕ್ಕೆ ಒಬ್ಬಳೇ ಮುಖ್ಯ ಅಡುಗೆಯವಳು. ಮೇಲಿನ ಕಚೇರಿಯ ಸಾಹೇಬರು ಖುದ್ದಾಗಿ ಬಂದು ಉಂಡು ನಿರ್ಧರಿಸುತ್ತಾರಂತೆ. ಅದೆಲ್ಲ ಶಾಸ್ತ್ರಕ್ಕೆ, ಜಾಗ ದೊಡ್ಡಕ್ಕನದ್ದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಅಂದುಕೊಂಡಿದ್ದಳು.

ಸಾಹೇಬರು ಬರುವ ದಿನ ಹಲ್ಲು ಕಟಕಟಿಸುವ ಚಳಿ. ಚಳಿ ಪಾತ್ರೆ ಏರಿತು. ದೊಡ್ಡಕ್ಕ ಎರಡು ಹಿಡಿ ಉಪ್ಪು ಹಾಕಿದಳು. ನಾದಿನಿ ರುಚಿ ನೋಡಿ ಒಮ್ಮೆ ತಟ್ಟಿದಳು. ದೊಡ್ಡಕ್ಕ ಮತ್ತೊಂದು ಹಿಡಿ ಹಾಕಿದಳು. ಮತ್ತೆ ಒಂದೇ ಪೆಟ್ಟು. ನಾಲ್ಕನೆಯ ಹಿಡಿ ಎತ್ತುವಾಗ ದೊಡ್ಡಕ್ಕನ ಕೈ ಒಂದು ಕ್ಷಣ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಆ ಪಾತ್ರೆ ನಾಲ್ಕನೆಯ ಹಿಡಿ ಕೇಳಿರಲಿಲ್ಲ. ಆದರೆ ಆಲೂಗಡ್ಡೆ ಹೆಚ್ಚು ಬಿದ್ದಿರಬಹುದು, ತನ್ನ ಕೈಯೇ ಈಗೀಗ ಸಣ್ಣದಾಗಿರಬಹುದು. ಅವಳು ತನ್ನ ಕೈಯನ್ನು ಬಿಟ್ಟು ನಾದಿನಿಯ ನಾಲಿಗೆಯನ್ನು ನಂಬಿದಳು. ಉಪ್ಪು ಬಿತ್ತು. ಸೌಟು ಎರಡು ಸಲ ತಟ್ಟಿತು.

ಸಾಹೇಬರು ಮೊದಲ ಚಮಚವನ್ನು ನುಂಗಿ ನೀರಿನ ಲೋಟಕ್ಕೆ ಕೈ ಹಾಕಿದರು. ಮ್ಯಾನೇಜರನ ಮುಖ ಹುಳ್ಳಗಾಯಿತು. “ಏನಮ್ಮ ಇದು, ನೀವೇ ತಿಂದು ನೋಡಿ,” ಎಂದರು ಸಾಹೇಬರು. ದೊಡ್ಡಕ್ಕ ತಿಂದಳು. ಅವಳ ಪಾಲಿಗೆ ಅದು ಎಂದಿನ ಒದ್ದೆ ಕಾಗದ. ನಾದಿನಿಯತ್ತ ನೋಡಿದಳು. ನಾದಿನಿ ನೆಲ ನೋಡುತ್ತ ಮೆಲ್ಲಗೆ ಹೇಳಿದಳು: “ಅತ್ತಿಗೆಗೆ ಜ್ವರ ಬಂದಾಗಿಂದ ರುಚಿ ಗೊತ್ತಾಗಲ್ಲ ಸಾರ್. ಪಾಪ, ಹೇಳ್ಕೊಳ್ಳೋಕೆ ಸಂಕೋಚ.”

ಆ ‘ಪಾಪ’ ಎಂಬ ಮಾತು ದೊಡ್ಡಕ್ಕನ ಎದೆಗೆ ನಾಟಿತು. ಬೈಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವಳು ಸಾಹೇಬರ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೇಳಿದಳು: “ಬೇಕಂತಲೇ ಮಾಡಿದ್ಯಾ?”

ನಾದಿನಿ ನೀರು ನಿಲ್ಲಿಸಿದಳು. “ಹತ್ತು ತಿಂಗಳು ನನ್ನ ನಾಲಿಗೇಲಿ ಅಡುಗೆ ಮಾಡಿದ್ರಿ ಅತ್ತಿಗೆ. ಹೊಗಳಿಸ್ಕೊಂಡಿದ್ದು ನೀವು. ಇವಳಿಗೂ ಕೈ ಇದೆ ಅಂತ ಒಂದಿನ ಆದ್ರೂ ಯಾರ ಹತ್ರಾನಾದ್ರೂ ಹೇಳಿದ್ರಾ?”

“ಕೇಳಬಾರದಿತ್ತಾ? ಒಲೆ ಬಿಟ್ಟುಕೊಡ್ತಿದ್ದೆ.”

“ಬಿಟ್ಟುಕೊಡ್ತಿರಲಿಲ್ಲ.”

ಬಿಟ್ಟುಕೊಡುತ್ತಿದ್ದಳೋ ಇಲ್ಲವೋ ದೊಡ್ಡಕ್ಕನಿಗೇ ಗೊತ್ತಿರಲಿಲ್ಲ. ಆದರೂ ತಟ್ಟಿದ್ದು ಸುಳ್ಳು ತಾನೇ. ತನ್ನ ಮನೆಯವಳೇ ಹೀಗೆ ಕೈ ಕೊಟ್ಟಳಲ್ಲ ಎಂಬ ಸಂಕಟದಲ್ಲಿ ದೊಡ್ಡಕ್ಕ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋದಳು. ಮನೆಯಲ್ಲಿ ಕೂತು ಗೊತ್ತಿದ್ದರಲ್ಲವೇ.

ಹೊಸ ಕ್ಯಾಂಟೀನಿನಲ್ಲಿ ಒಲೆ ನಾದಿನಿಯದ್ದು, ತರಕಾರಿ ಹೆಚ್ಚುವ ಮೇಜು ದೊಡ್ಡಕ್ಕನದ್ದು. ಮತ್ತೆ ಚಳಿ ಜೋರಾಯಿತು, ಮತ್ತೆ ದೊಡ್ಡ ಪಾತ್ರೆ ಏರಿತು. ಉಪ್ಪಿನ ಹದದಲ್ಲಿ ನಾದಿನಿಗೆ ಯಾರ ಹಂಗೂ ಇರಲಿಲ್ಲ. ಎರಡನೆಯ ಪಾಲು ಬಾರ್ಲಿಯ ಬೋಗುಣಿ ಕೈಗೆ ಬಂದಾಗ ಮಾತ್ರ ತಡವರಿಸಿದಳು. ಅದೊಂದು ಅವಳಿಗೆ ಕೈಗೆ ಹತ್ತಿರಲಿಲ್ಲ.

“ಅತ್ತಿಗೆ, ಒಂದ್ಸಲ ನೋಡ್ತೀರಾ?”

ದೊಡ್ಡಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಸೇಡು ಬೇಕೆಂದಿದ್ದರೆ ಅದು ಸೌಟಿನ ತುದಿಯಲ್ಲೇ ಇತ್ತು. ಇನ್ನೂ ಹೊತ್ತಿದೆ ಎಂದರೆ ಮುಗಿಯಿತು, ಕಾಳು ಬೇಯದೆ ಉಳಿಯುತ್ತಿತ್ತು. ಆ ಆಸೆ ಬರಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಬಂತು. ಹೊರಗೆ ಮೂರು ಡಿಪೋಗಳ ಜನ ಕೈ ಉಜ್ಜಿಕೊಳ್ಳುತ್ತ ಕಾಯುತ್ತಿದ್ದರು. ತಳದಿಂದ ಸೌಟು ಎಳೆದಳು. ಮಣಿಕಟ್ಟು ಈಗಲೇ ಎಂದಿತು. ಅಂಚಿಗೆ ಎರಡು ಸಲ ತಟ್ಟಿದಳು.

ನಾದಿನಿ ಬೋಗುಣಿ ಹಿಡಿದು ಅವಳ ಮುಖವನ್ನೇ ನೋಡಿದಳು. ಬಾರ್ಲಿ ಹಾಕಲಿಲ್ಲ. ಇನ್ನೊಮ್ಮೆ ಮುಖ ನೋಡಿದಳು. ಆಮೇಲೆ ಬೋಗುಣಿಯನ್ನು ಕಟ್ಟೆಯ ಮೇಲಿಟ್ಟು, “ಸ್ವಲ್ಪ ಹೊತ್ತು ಬಿಟ್ಟು ಹಾಕ್ತೀನಿ,” ಎಂದಳು.

ಅವತ್ತು ಊಟಕ್ಕೆ ಕೂತವರಿಗೆಲ್ಲ ಕಾಳು ಗಟ್ಟಿ ಗಟ್ಟಿಯಾಗಿ ಹಲ್ಲಿಗೆ ಸಿಕ್ಕಿತು. ದೊಡ್ಡಕ್ಕ ತನ್ನ ಮೇಜಿಗೆ ಹಿಂತಿರುಗಿ ಕ್ಯಾರೆಟ್ ಹೆಚ್ಚುತ್ತಲೇ ಇದ್ದಳು. ಒಲೆ ಹೋದ ದಿನ ಬಾರದ ಅಳು ಈಗ ಬಂತು. ಪಕ್ಕದವಳು ಕೇಳಿದ್ದಕ್ಕೆ ಈರುಳ್ಳಿ ಖಾರ ಎಂದಳು, ಮುಂದಿದ್ದದ್ದು ಕ್ಯಾರೆಟ್ಟು. ಅತ್ತಿಗೆಯೂ ತನ್ನಂತೆ ಸುಳ್ಳು ತಟ್ಟುವವಳು ಎಂದುಕೊಂಡಳಲ್ಲ ನಾದಿನಿ, ಮೂರು ವರ್ಷ ಪಕ್ಕದಲ್ಲೇ ನಿಂತು ಕಲಿತವಳು.