ಅಮ್ಮನ ವೊವಿಗೆ ಎರಡೂವರೆ ರೂಪಾಯಿ

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಆಗ ಹೆಂಗಸರು ಹಾಡುವ ಪದಗಳೇ ವೊವಿ. ಬಲ್ಮಠದ ಸುತ್ತಮುತ್ತ ನನ್ನ ಅಮ್ಮ ಬಾಯಿ ತೆರೆಯದೆ ವೊವಿ ಶುರುವಾಗುತ್ತಿರಲಿಲ್ಲ. ಅಕ್ಕನ ರೋಸಿನಲ್ಲಿ ಅವಳು ನಿಂತಲ್ಲೇ ಒಂದನ್ನು ಕಟ್ಟಿದಳು: ಇವಳು ಹೋದ ಮೇಲೆ ನಮ್ಮ ಚುಕ್ಕೆಕೋಳಿ ಯಾರ ಕೈಯ ಅಕ್ಕಿ ತಿಂದೀತು? ಆ ಶನಿ ಕೋಳಿ ನಿಜವಾಗಿಯೂ ಅಕ್ಕನ ಕೈಯಿಂದಲ್ಲದೆ ತಿನ್ನುತ್ತಿರಲಿಲ್ಲ.

ನೆರೆಮನೆಗೆ ಬೊಂಬಾಯಿಯಿಂದ ಬಂದಿದ್ದ ನೆಂಟನೊಬ್ಬ ಮದುವೆಯ ಮರುದಿನ ಪುಸ್ತಕ ಹಿಡಿದು ಬಂದ. ಅಮ್ಮ ಅವನಿಗೆ ಎಳನೀರು ಕೊಟ್ಟು, ತಪ್ಪಾಗಬಾರದೆಂದು ಆ ವೊವಿಯ ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳಿ ಬರೆಸಿದಳು.

"ಕದ್ದುಕೊಂಡು ಹೋದಾನು, ನೋಡು" ಎಂದು ಅಪ್ಪ ಛೇಡಿಸಿದ.

"ವೊವಿಗೆ ಎಂತ ಒಡೆಯರು? ಹಾಡಿದವರದ್ದು" ಎಂದಳು ಅಮ್ಮ.

ವರ್ಷ ತುಂಬುವುದರೊಳಗೆ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಅಮ್ಮ ಮತ್ತೆ ಊರವರ ರೋಸುಗಳಲ್ಲಿ ಹಾಡಿದಳು. ಆದರೆ ಆ ಒಂದು ವೊವಿಯನ್ನು ಮಾತ್ರ ಬಾಯಿಗೆ ತರಲಿಲ್ಲ.

ಹಂಪನಕಟ್ಟೆಯಲ್ಲಿ ಒಂದು ದಿನ ಗ್ರಾಮಫೋನ್ ಅಂಗಡಿಯ ಮುಂದೆ ಹೋಗುತ್ತಿದ್ದೆ. ಒಳಗಿನಿಂದ ಅದೇ ವೊವಿ! ಯಾವಳೋ ಹಾರ್ಮೋನಿಯಂ ಜೊತೆ ಎಳೆದೆಳೆದು ಹಾಡುತ್ತಿದ್ದಳು. ಚುಕ್ಕೆಕೋಳಿ ಇದ್ದ ಕಡೆ ನವಿಲು ಬಂದಿತ್ತು. ಸತ್ತ ಅಕ್ಕನನ್ನು ಬೀದಿಯಲ್ಲಿ ನಿಲ್ಲಿಸಿದ್ದಾರಲ್ಲ ದೇವರೇ ಎನಿಸಿತು.

"ಇದು ನನ್ನ ಅಮ್ಮ ಕಟ್ಟಿದ್ದು!" ಎಂದು ಒಳನುಗ್ಗಿದೆ.

ಅಂಗಡಿಯವ ಹಾಡಿನ ಪ್ಲೇಟಿನ ಮೇಲಿನ ಚೀಟಿ ತೋರಿಸಿದ. ಪದ ಕಟ್ಟಿದವನೆಂದು ಆ ಬೊಂಬಾಯಿಯವನ ಹೆಸರೇ ಅಚ್ಚಾಗಿತ್ತು.

"ಎಲ್ಲರೂ ಹಾಗೇ ಹೇಳ್ತಾರೆ ಮಾರಾಯ್ತಿ. ಬೇಕಾದರೆ ತಗೊಳ್ಳಿ, ಎರಡೂವರೆ ರೂಪಾಯಿ ಉಂಟು."

ಹಂಚಿನ ಕಾರ್ಖಾನೆಯಲ್ಲಿ ಅಪ್ಪನ ಒಂದು ವಾರದ ಕೂಲಿ ಅದು! ನಮ್ಮ ಮನೆಯ ಅಳುವನ್ನು ನಾವೇ ದುಡ್ಡು ಕೊಟ್ಟು ಕೊಳ್ಳಬೇಕಂತೆ. ಅವನ ಅಂಗಡಿಗೆ ಮಣ್ಣು ಬೀಳಲಿ ಎಂದು ಶಪಿಸುತ್ತಾ ಮನೆಗೆ ಬಂದೆ.

ಅಮ್ಮ ಎಲ್ಲವನ್ನೂ ಕೇಳಿ, "ನವಿಲಾ? ಹಾಗಾದರೆ ಅದು ನಮ್ಮದಲ್ಲ ಬಿಡು. ನಮ್ಮದರಲ್ಲಿ ಕೋಳಿ" ಎಂದಳು. ಆ ಮಾತಿನ ಮೇಲೆ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ನನ್ನ ಸಿಟ್ಟನ್ನು ನಾನೇ ನುಂಗಿಕೊಂಡೆ.

ಎರಡು ವರ್ಷದ ಮೇಲೆ ನನ್ನ ರೋಸ್. ಆ ಪ್ಲೇಟು ಅಷ್ಟರಲ್ಲಿ ಉಳ್ಳವರ ಮನೆಗಳನ್ನೆಲ್ಲ ಹೊಕ್ಕಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿ ಹಾಲು ಹಚ್ಚುವಾಗ ಅಮ್ಮ, ಅಕ್ಕ ಹೋದ ಮೇಲೆ ಮೊದಲ ಸಲ, ಆ ವೊವಿಯನ್ನು ಎತ್ತಿಕೊಂಡಳು. ಕೋಳಿಯ ಸಾಲು ಬಂದದ್ದೇ ನೆರೆಮನೆಯ ಹುಡುಗಿಯರು ಕಿಸಕ್ಕನೆ ನಕ್ಕರು.

"ಕೋಳಿ ಅಲ್ಲ ಬಾಯಮ್ಮ, ನವಿಲು! ನಿಮಗೆ ಮರೆತುಹೋಗಿದೆ. ಪ್ಲೇಟಿನಲ್ಲಿ ಸರಿಯಾಗಿ ಉಂಟು."

ಅಮ್ಮನ ಬಾಯಿ ತೆರೆದಂತೆಯೇ ನಿಂತಿತು. ಅಕ್ಕನ ಕೋಳಿ ಎಂದು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ನಾನೇ ಎದ್ದು ಆ ಹುಡುಗಿಯರ ಕೆನ್ನೆಗೆ ಬಾರಿಸಬೇಕಿತ್ತು. ಆದರೆ ರೋಸಿನ ಹುಡುಗಿ ಮಣೆ ಬಿಟ್ಟು ಏಳಬಾರದು. ಹೆಂಗಸರೆಲ್ಲ ಪ್ಲೇಟಿನ ರಾಗದಲ್ಲೇ ಸಾಲು ಎತ್ತಿಕೊಂಡರು. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅವರೊಡನೆ ದನಿಗೂಡಿಸಿ, ನವಿಲೆಂದೇ ಹಾಡಿದಳು.