ಮಹಡಿ ಮೇಲಿನ ಜಡ್ಜ್ ಸಾಹೇಬರು

ಮೊನ್ನೆ ಸಕಲೇಶಪುರದ ಲಾಂಡ್ರಿಯಲ್ಲಿ ಸೀರೆ ಬಿಡಿಸಿಕೊಳ್ಳಲು ನಿಂತಿದ್ದೆ. ತೂಗುಹಾಕಿದ್ದ ಕರಿಕೋಟೊಂದರಿಂದ ನುಸಿಗುಳಿಗೆಯ ವಾಸನೆ ಬಂತು. ವಾಸನೆಗಳು ಹೇಳಿ ಕೇಳಿ ಬರುವುದಿಲ್ಲ ನೋಡಿ. ಅಂಗಡಿಯವನು ಸೀರೆ ಹುಡುಕುವಷ್ಟರಲ್ಲಿ ನಾನು ನಮ್ಮ ಮನೆಯ ಮಹಡಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ವಿರೂಪಾಕ್ಷಯ್ಯನವರು ಅಂಥದೇ ಕೋಟನ್ನು ಬಿಸಿಲಿಗೆ ಹರವಿ ತಾವೇ ಬ್ರಶ್ ಹಿಡಿದು ಉಜ್ಜುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವರು ನಮ್ಮೂರ ಕೋರ್ಟಿನ ನ್ಯಾಯಾಧೀಶರು. ಸರ್ಕಾರಿ ಮನೆ ರಿಪೇರಿಗೆ ಬಂದಿತ್ತೆಂದು ನಮ್ಮ ಮಹಡಿಗೆ ಬಾಡಿಗೆಗೆ ಬಂದಿದ್ದರು. ಹೆಂಡತಿಗೆ ದಾವಣಗೆರೆಯಲ್ಲಿ ಕೆಲಸ, ಆದ್ದರಿಂದ ಒಬ್ಬರೇ. ಬೆಳಿಗ್ಗೆ ಹೊಳೆಯ ಕಡೆ ನಡೆಯುತ್ತಿದ್ದರು. ಯಾರಾದರೂ ಮಾತಿಗೆ ನಿಂತರೆ ನಮಸ್ಕಾರ ಹೇಳಿ ಮುಂದೆ ಸಾಗುತ್ತಿದ್ದರು. ಅವ್ವ ಕಾಫಿ ಕಳಿಸಿದಾಗಲೆಲ್ಲ ಬೇಡವೆಂದು ಕೈಮುಗಿದು ವಾಪಸು ಕಳಿಸುತ್ತಿದ್ದರು. ಕಾಫಿ ಬೇಡವೆನ್ನುವ ಮನುಷ್ಯನನ್ನು ನಂಬುವುದು ಸಕಲೇಶಪುರದಲ್ಲಿ ಕಷ್ಟ. ಅವ್ವನ ಪ್ರಕಾರ ಅವರಿಗೆ ಹೊಟ್ಟೆಯಲ್ಲಿ ಹುಣ್ಣಿರಬೇಕು, ಇಲ್ಲವೇ ಜಂಬವಿರಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. 'ನ್ಯಾಯಾಂಗ' ಎಂಬ ಪಾಠವನ್ನು ವರ್ಷವರ್ಷವೂ ಮಾಡುತ್ತಿದ್ದೆ. ಆದರೆ ನಿಜವಾದ ನ್ಯಾಯಾಧೀಶರೊಬ್ಬರು ತಲೆಯ ಮೇಲೆಯೇ ಓಡಾಡುತ್ತಿದ್ದರೂ ಅವರು ಅಲ್ಲಿಗೆ ಹೇಗೆ ಬಂದರು, ಹೋದ ಮೇಲೆ ಯಾರು ಬರುತ್ತಾರೆ ಎಂದು ಕೇಳಬೇಕೆನಿಸಿರಲಿಲ್ಲ. ಪರೀಕ್ಷೆಗೆ ಬರದ ಪ್ರಶ್ನೆಗಳ ಬಗ್ಗೆ ಮೇಡಂಗಳಿಗೂ ಮಕ್ಕಳಷ್ಟೇ ತಾತ್ಸಾರ.

ಆ ವರ್ಷವೇ ನಮ್ಮ ದಾರಿಯ ಜಗಳ ಶುರುವಾದದ್ದು. ಹಾನುಬಾಳಿನ ಹತ್ತಿರ ಅಪ್ಪ ಬಿಟ್ಟುಹೋದ ಸಣ್ಣ ಕಾಫಿ ತೋಟವಿದೆ, ಅದನ್ನು ನೋಡಿಕೊಳ್ಳುವವಳು ಅವ್ವ. ತೋಟಕ್ಕೆ ಹೋಗುವ ಜೀಪಿನ ದಾರಿ ಪಕ್ಕದ ರುದ್ರಪ್ಪನ ಜಮೀನಿನಲ್ಲಿ ಹಾಯುತ್ತದೆ. ನಮ್ಮ ಆಳುಗಳ ದನ ಅವನ ಗದ್ದೆ ಮೇಯ್ದವೆಂದು ರುದ್ರಪ್ಪ ದಾರಿಗೆ ಗೇಟು ಹಾಕಿ ಬೀಗ ಜಡಿದ. ಕೊಯ್ಲಿನ ಕಾಲ. ಹಣ್ಣು ಗಿಡದಲ್ಲೇ ಒಣಗತೊಡಗಿತು, ಕೊಯ್ದಷ್ಟನ್ನು ಹೆಣ್ಣಾಳುಗಳು ತಲೆಯ ಮೇಲೆ ಹೊತ್ತು ಹಳ್ಳ ದಾಟಿಸಬೇಕಾಯಿತು. ವಕೀಲರು ದಾವೆ ಹೂಡೋಣವೆಂದರು. ಅವ್ವನಿಗೆ ಸಮಾಧಾನವೋ ಸಮಾಧಾನ. "ಜಡ್ಜು ನಮ್ಮನೇಲೇ ಅವ್ರಲ್ಲ, ಇನ್ನೇನು ಭಯ ಐತೆ," ಎಂದು ಬಸ್ಸಿನಲ್ಲಿ ಸಿಕ್ಕವರಿಗೂ ಹೇಳಿಬಂದಳು. ಬೇಡವೆಂದು ನಾನೇನೂ ತಡೆಯಲಿಲ್ಲ. ಸಮಾಜ ವಿಜ್ಞಾನ ಆಗ ರಜೆಯಲ್ಲಿತ್ತು.

ಮೊದಲ ದಿನ ಕೋರ್ಟಿನಲ್ಲಿ ಅವ್ವನ ಹೆಸರು ಕೂಗಿದರು. ಸಾಹೇಬರು ಕಾಗದದಿಂದ ತಲೆಯೆತ್ತಿ ನಮ್ಮನ್ನು ನೋಡಿದರು. ಆಮೇಲೆ ಎರಡೂ ಕಡೆಯ ವಕೀಲರಿಗೆ ಕೇಳುವಂತೆ, ತಮ್ಮ ಮೆಲುದನಿಯಲ್ಲೇ ಹೇಳಿದರು: "ನಾನು ಈ ತಾಯಿಯ ಮನೇಲಿ ಬಾಡಿಗೆಗಿದ್ದೀನಿ. ಈ ದಾವೆ ನಾನು ಕೇಳಬಾರದು." ಕಡತವನ್ನು ಬೇರೆ ಕೋರ್ಟಿಗೆ ವರ್ಗಾಯಿಸುವಂತೆ ಹಾಸನದ ಜಿಲ್ಲಾ ನ್ಯಾಯಾಧೀಶರಿಗೆ ಬರೆದರು. ಆ ವಾರವೇ ನಮ್ಮ ಮಹಡಿ ಖಾಲಿ ಮಾಡಿ, ಅರ್ಧ ರಿಪೇರಿಯಾಗಿದ್ದ ಸರ್ಕಾರಿ ಮನೆಗೆ ಹೊರಟುಹೋದರು.

ದಾವೆ ಆಲೂರಿಗೆ ಹೋಯಿತು. ಆದರೆ ಅಲ್ಲಿಯ ನ್ಯಾಯಾಧೀಶರಿಗೆ ಅದಾಗಲೇ ವರ್ಗವಾಗಿತ್ತು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪಕ್ಕದ ಕೋರ್ಟಿನವರು ಆಗೀಗ ಪ್ರಭಾರದ ಮೇಲೆ ಬಂದು ತುರ್ತಿನ ಕೆಲಸ ಮುಗಿಸಿ ಹೋಗುತ್ತಿದ್ದರು. ಉಳಿದವರಿಗೆಲ್ಲ ಮುಂದಿನ ತಾರೀಕು. ಅವ್ವ ಬಸ್ಸಿನಲ್ಲಿ ಹೋಗಿ, ಖಾಲಿ ಕುರ್ಚಿ ನೋಡಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಒಂದು ಕೊಯ್ಲು ಹಾಗೇ ಹೋಯಿತು. ಮಹಡಿಯ ಮೇಲಿದ್ದವರನ್ನು ಅವಳು ಬೈಯದ ದಿನವಿಲ್ಲ. ನ್ಯಾಯ ಮನೆಗೇ ಬಂದಿತ್ತು, ಆ ಪುಣ್ಯಾತ್ಮ ಒದ್ದು ಓಡಿಸ್ಬುಟ್ಟ ಅನ್ನುವುದು ಅವಳ ವಾದ.

ಹೀಗಿರುವಾಗ ಒಂದು ಸಂಜೆ ವಿರೂಪಾಕ್ಷಯ್ಯನವರೇ ನಮ್ಮ ಬಾಗಿಲಿಗೆ ಬಂದರು. ಅವರಿಗೆ ಅರವತ್ತು ತುಂಬಿ ಹಿಂದಿನ ದಿನ ನಿವೃತ್ತಿಯಾಗಿತ್ತು. ಕೋಟಿಲ್ಲದೆ, ಅರ್ಧ ತೋಳಿನ ಅಂಗಿಯಲ್ಲಿ ಯಾರೋ ಬೇರೆಯವರಂತೆ ಕಂಡರು. "ಅಮ್ಮ, ಇವತ್ತಿಂದ ನಾನು ಯಾರ ಜಡ್ಜೂ ಅಲ್ಲ. ಕಾಫಿ ಕೊಡ್ತೀರಾ?" ಎಂದರು. ಅವ್ವನ ಸಿಟ್ಟು ಎಲ್ಲಿ ಹೋಯಿತೋ! ಎರಡು ಲೋಟ ಕುಡಿಸಿದಳು.

ಅವರು ಅಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ವಕೀಲಿಕೆ ಮಾಡುತ್ತಲೇ ನ್ಯಾಯಾಧೀಶರ ಪರೀಕ್ಷೆ ಬರೆದದ್ದು, ಮೊದಲ ಸಲ ನಪಾಸಾದದ್ದು, ಎರಡನೆಯ ಸಲ ಪಾಸಾಗಿ ಹೈಕೋರ್ಟಿನ ದೊಡ್ಡ ನ್ಯಾಯಮೂರ್ತಿಗಳೆದುರು ಸಂದರ್ಶನಕ್ಕೆ ಕೂತದ್ದು, ಎಲ್ಲವನ್ನೂ ಹೇಳಿದರು. ಇಷ್ಟು ಮೆತ್ತಗಿನ ದನಿ ಕೋರ್ಟಿನ ಕೊನೆಯ ಬೆಂಚಿಗೆ ಕೇಳುತ್ತದೇನ್ರೀ ಎಂದು ಅವರಲ್ಲೊಬ್ಬರು ಪ್ರಶ್ನಿಸಿದರಂತೆ. "ನಾನು ಕೇಳಿಸಿಕೊಳ್ಳೋ ಕೆಲಸಕ್ಕೆ ಬಂದಿದ್ದೀನಿ ಸ್ವಾಮಿ ಅಂದೆ. ಬಾಯಿ ತಪ್ಪಿ ಬಂದ ಮಾತು. ಅದಕ್ಕೇ ಆರಿಸಿದರೋ ಏನೋ," ಎಂದು ನಕ್ಕರು.

ಅವ್ವನಿಗೆ ಬೇಕಿದ್ದದ್ದು ಅದಲ್ಲ. ಅವರ ಜಾಗಕ್ಕೆ ಯಾರು ಬರುತ್ತಾರೆ, ಆಲೂರಿಗೆ ಯಾರು ಬರುತ್ತಾರೆ, ಒಳ್ಳೆಯವರಾ ಎಂದು ಕೇಳಿದಳು. ತಮಗೂ ಗೊತ್ತಿಲ್ಲ, ಹೊಸದಾಗಿ ಆಯ್ಕೆಯಾದವರ ತರಬೇತಿ ಮುಗಿಯುತ್ತಾ ಬಂದಿದೆ, ಅವರಲ್ಲಿ ಯಾರನ್ನೋ ಹಾಕುತ್ತಾರೆ ಎಂದರು. ಲೋಟ ಕೆಳಗಿಟ್ಟು, "ಯಾರು ಅಂತ ಮೊದಲೇ ಗೊತ್ತಿರಬಾರದಮ್ಮ. ಗೊತ್ತಿಲ್ಲದೋರ ಮುಂದೆ ನಿಂತರೂ ನ್ಯಾಯ ಸಿಗುತ್ತೆ ಅನ್ನೋ ಹಾಗಿರಬೇಕು," ಎಂದರು. ಅವರು ಹೋದ ಮೇಲೆ ಅವ್ವ ಲೋಟ ತೊಳೆದಿಟ್ಟು, ಆಲೂರಿನ ಮುಂದಿನ ತಾರೀಕು ಯಾವತ್ತೆಂದು ಕ್ಯಾಲೆಂಡರಿನಲ್ಲಿ ನೋಡಿದಳು.

ಆಲೂರಿಗೆ ಬಂದವಳು ಒಬ್ಬ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು, ಮೊದಲ ನೇಮಕ. ಅವ್ವ ಅವಳನ್ನು ಕಂಡು, ಇದಕ್ಕೇನು ತಿಳೀತದೆ ಎಂದು ನನ್ನ ಕೈ ಚಿವುಟಿದಳು. ಆ ಹುಡುಗಿ ಅವ್ವನ ಮಾತನ್ನೂ ರುದ್ರಪ್ಪನ ಮಾತನ್ನೂ ಪೂರ್ತಿ ಕೇಳಿದಳು. ರುದ್ರಪ್ಪ ಗದ್ದೆ ಹಾಳಾದದ್ದನ್ನು, ಆ ವರ್ಷ ಮನೆಗೆ ಅಕ್ಕಿ ಕೊಂಡು ತಿನ್ನಬೇಕಾದದ್ದನ್ನು ಹೇಳಿದ. ಅವನಿಗೂ ಒಂದು ಕಷ್ಟವಿತ್ತೆಂದು ನಮಗೆ ಹೊಳೆದದ್ದು ಅವತ್ತೇ. ಆಮೇಲೆ ಆ ಹುಡುಗಿ ಕೋರ್ಟಿನ ಕಡೆಯ ಕಮಿಷನರ್ ಎಂದು ವಕೀಲರೊಬ್ಬರನ್ನು ಕಳಿಸಿ ಜಾಗ ನೋಡಿಸಿದಳು. ಕೊನೆಗೆ ತೀರ್ಪು ಬಂತು: ದಾರಿ ನಮಗೆ ಬಿಡಬೇಕು. ದನ ನುಗ್ಗದಂತೆ ಗೇಟು ಇರಬಹುದು, ಬೀಗ ಕೂಡದು. ರುದ್ರಪ್ಪ ಅಪೀಲಿಗೆ ಹೋಗಲಿಲ್ಲ. ಮುಂದಿನ ಕೊಯ್ಲಿಗೆ ನಮ್ಮ ಜೀಪು ಹೋಯಿತು, ಆಳುಗಳ ದನಗಳನ್ನು ಅವ್ವನೇ ನಿಂತು ಕಟ್ಟಿಸಿದಳು.

ಮೊನ್ನೆ ಲಾಂಡ್ರಿಯಿಂದ ಬರುವಾಗ ಆಲೂರಿನಲ್ಲಿ ನಮ್ಮ ದಾವೆ ನಡೆಸಿದ ವಕೀಲರು ಸಿಕ್ಕರು. ಬೇಸಿಗೆಯ ವರ್ಗಾವಣೆಯಲ್ಲಿ ಆ ಹುಡುಗಿಗೆ ಬೀದರ್ ಕಡೆಗೆ ಆಗಿದೆಯಂತೆ, ಇನ್ನೊಬ್ಬರು ಬರುವವರಿದ್ದಾರಂತೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಹಳೆಯ ಅವ್ವನಾಗಿದ್ದರೆ ನಮ್ಮ ಜಡ್ಜನ್ನು ಯಾಕೆ ಕಳಿಸಿದರೆಂದು ಇಡೀ ಬೀದಿಗೆ ಕೇಳುವಂತೆ ಜಗಳ ತೆಗೆಯುತ್ತಿದ್ದಳು. ಈಗ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು. ಬೀದರ್ ಎಷ್ಟು ದೂರ ಎಂದು ಕೇಳಿದಳು. ರಾಜ್ಯದ ಆ ತುದಿ, ಬಿಸಿಲು ಜಾಸ್ತಿ ಎಂದೆ.

"ಅಲ್ಲೂ ದಾರಿಗೆ ಬೇಲಿ ಹಾಕೋರು ಇರ್ತಾರೇನೇ?"

"ಎಲ್ಲ ಕಡೇನೂ ಇರ್ತಾರವ್ವ."

"ಹಂಗಾರೆ ಆ ಹುಡ್ಗಿ ಹೋಗಿದ್ದು ಒಳ್ಳೇದೇ ಆಯ್ತು ಕಣೇ," ಎಂದಳು ಅವ್ವ.